ಯೋಜನಾ ಪದ್ಧತಿಯೂ ಸಮ್ಮೇಳನದ ಪ್ರಬಂಧವೂ

1

ವಿಮರ್ಶೆಯೆಂಬುದು ಕಾವ್ಯ, ನಾಟಕ, ಕಾದಂಬರಿಗಳಿಗೆ ಮಾತ್ರ ಮೀಸಲಾದ ವ್ಯವಸಾಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಬರೆಹದ ಪ್ರಕಾರ ಯಾವುದೇ ಆಗಿರಲಿ, ಅದು ತನಗೆ ತಾನೇ ಕೆಲವು ಕಟ್ಟಳೆಗಳನ್ನು ವಿಧಿಸಿಕೊಂಡು, ಆ ಕಟ್ಟಳೆಗಳ ಬಲದಿಂದ ಕೆಲವು ಮಾತುಗಳನ್ನು ಹೇಳಿಸಿ ಕೆಲವನ್ನು ಅಡಗಿಸತೊಡಗಿದಾಗ, ಅದನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯವಾಗುತ್ತದೆ. ವಿದ್ವತ್ಸಮ್ಮೇಳನಗಳಲ್ಲಿ ಓದುವ ಪ್ರಬಂಧ ಅಂಥದೊಂದು ಪ್ರಕಾರ. ಎಂಜಿನಿಯರಿಂಗ್ ಶಿಕ್ಷಣದಲ್ಲಿ ಯೋಜನಾ ಪದ್ಧತಿಯನ್ನು ಅನುಸರಿಸಿದ ಅಧ್ಯಾಪಕರು ತಮ್ಮ ಅನುಭವವನ್ನು ಪರಸ್ಪರ ಹಂಚಿಕೊಳ್ಳಲೆಂದು ಬರೆಯುವ ಪ್ರಬಂಧಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಇಂಥ ಸಮ್ಮೇಳನಗಳಿಗೆ ಈಗ ಕೊರತೆಯಿಲ್ಲ. ಡೆನ್ಮಾರ್ಕಿನ ಆಲ್ಬೋರ್ಗಿನಲ್ಲಿ 2008ರಲ್ಲಿ ಮೊದಲಾದ ಸಂಶೋಧನ ಗೋಷ್ಠಿ ಅನಂತರ ಹಲವು ದೇಶಗಳಲ್ಲಿ ನೆರೆದಿದೆ. ಪೋರ್ಚುಗಲ್ಲಿನ ಮಿನ್ಹೋ ವಿಶ್ವವಿದ್ಯಾಲಯದವರು ಗಿಮರಾಯಿಶ್ ಪಟ್ಟಣದಲ್ಲಿ 2009ರಲ್ಲಿ ಇನ್ನೊಂದನ್ನು ಆರಂಭಿಸಿದರು. ನಮ್ಮ ನಾಡಿನಲ್ಲಿಯೇ 2014ರ ಜನವರಿಯಲ್ಲಿ, ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೆನಿಸಿರುವ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಲ್ಲಿ, ಎಂಜಿನಿಯರಿಂಗ್ ಶಿಕ್ಷಣದ ಪರಿವರ್ತನೆಗಳನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನದ ಮೊದಲ ಅಧಿವೇಶನ ನಡೆಯಿತು. ಅದರ ಪ್ರಬಂಧಗಳು 2015ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಅಧ್ಯಾಪಕರು ತರಗತಿಯಲ್ಲಿ ತಾವು ಮಾಡಿದ್ದನ್ನು ವಿಚಾರವಿಷಯವಾಗಿ ಭಾವಿಸಿ ಸಭೆಯ ಮುಂದಿಡತೊಡಗಿದುದು ದೊಡ್ಡ ಲಾಭವೇ ಸರಿ. ಆ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೂ ಈ ಜಾತಿಯ ಪ್ರಬಂಧಗಳನ್ನು ಒಂದರ ಮೇಲೊಂದರಂತೆ ಓದುತ್ತ ಹೋದಾಗ ಒಂದು ವಿರೋಧ ಕಣ್ಣಿಗೆ ಬೀಳದಿರದು. ಮಾಡಿ, ತಪ್ಪಿ, ತಿದ್ದಿಕೊಂಡು ಕಲಿಯುವುದು ಯೋಜನಾ ಪದ್ಧತಿಯ ಜೀವಾಳ. ಅದನ್ನು ಕುರಿತ ಪ್ರಬಂಧದಲ್ಲಾದರೋ ತಪ್ಪಿಗೆ ಸ್ಥಳವೇ ಇರುವುದಿಲ್ಲ. ಆರಂಭದಲ್ಲಿ ಉದ್ದೇಶ, ನಡುವೆ ಕಾರ್ಯಕ್ರಮ, ಕೊನೆಯಲ್ಲಿ ಸಫಲತೆ: ಇವು ಮೂರು ಅಂಕಗಳ ನಾಟಕದಂತೆ ತಪ್ಪದೆ ಬರುತ್ತವೆ. ಇದರ ಫಲವಾಗಿ ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಸಾಗುವುದು ಪದ್ಧತಿಯ ಹೊರರೂಪವೇ ಹೊರತು ಅದರ ತಿರುಳಲ್ಲ. ಈ ಅಭಿಪ್ರಾಯವನ್ನು ಸಮರ್ಥಿಸುವುದಕ್ಕೆ ಮುನ್ನ ಯೋಜನೆ ಎಂಬ ಶಬ್ದವನ್ನು ಕುರಿತು ಎರಡು ಮಾತು ಹೇಳುವುದು ಯುಕ್ತ.

2

ಯೋಜನೆಯೆಂದರೆ ಸಾಮಾನ್ಯವಾಗಿ ನಾವು ತಿಳಿಯುವುದು, ಮುಂದಾಗಿ ಆಲೋಚಿಸಿ ಹಾಕಿಕೊಂಡ ಕ್ರಮವನ್ನು. ವಿದ್ಯಾರ್ಥಿಗಳ ಬಾಯಲ್ಲಿ 'ಪ್ರಾಜೆಕ್ಟು' ಎಂದರೆ ವರ್ಷಾಂತ್ಯದಲ್ಲಿ ಒಪ್ಪಿಸಬೇಕಾದ ಒಂದು ಮಾದರಿ ಮತ್ತು ರಟ್ಟು ಕಟ್ಟಿಸಿದ ಒಂದು ವರದಿ. ಮೊದಲನೆಯ ಅರ್ಥದಲ್ಲಿ ಮಾಡುವ ಕೆಲಸವಿಲ್ಲ. ಎರಡನೆಯದರಲ್ಲಿ ಕಲಿಯುವ ಕೆಲಸವಿಲ್ಲ. ಶಿಕ್ಷಣಶಾಸ್ತ್ರದಲ್ಲಿ ಈ ಶಬ್ದಕ್ಕೆ ಇರಬೇಕಾದ ಅರ್ಥ ಇವೆರಡನ್ನೂ ಕೂಡಿಸಿಕೊಂಡು ಇವೆರಡಕ್ಕಿಂತ ಹೆಚ್ಚಿನದು. ಉತ್ತರ ಮೊದಲೇ ತಿಳಿದಿಲ್ಲದ ಒಂದು ಸಮಸ್ಯೆಯನ್ನು ಕೆಲವರು ವಿದ್ಯಾರ್ಥಿಗಳು ಒಟ್ಟಾಗಿ ಹಿಡಿಯುತ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಅದರೊಡನೆ ಹೆಣಗುತ್ತಾರೆ. ಬೇಕಾದ ಶಾಸ್ತ್ರವನ್ನು ಬೇಕಾದಾಗ ಕಲಿತು, ಕೊನೆಗೆ ಪರೀಕ್ಷೆಗೆ ನಿಲ್ಲುವ ಒಂದು ವಸ್ತುವನ್ನು ಕಟ್ಟುತ್ತಾರೆ. ಪ್ರಯೋಗಶಾಲೆಯ ಅಭ್ಯಾಸಕ್ಕೂ ಇದಕ್ಕೂ ಇರುವ ಭೇದ ಸ್ಪಷ್ಟ. ಅಲ್ಲಿ ಉತ್ತರ ಅಧ್ಯಾಪಕರ ಪುಸ್ತಕದಲ್ಲಿದೆ. ಇಲ್ಲಿ ಅದು ಅಧ್ಯಾಪಕರಿಗೂ ಗೊತ್ತಿಲ್ಲ. ನಮ್ಮ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟಿಗೂ ಇದಕ್ಕೂ ಭೇದವುಂಟು. ಅದು ಕಲಿಕೆ ಮುಗಿದ ಮೇಲಿನ ಕಳಸ. ಇದು ಕಲಿಕೆಯ ತಳಹದಿ.

ಈ ವಿಚಾರ ಹೊಸದಲ್ಲ. ಅಮೆರಿಕದ ಶಿಕ್ಷಣವೇತ್ತ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಲೇಖನದಿಂದ ಯೋಜನಾ ಪದ್ಧತಿಯೆಂಬ ಹೆಸರು ಲೋಕಪ್ರಸಿದ್ಧವಾಯಿತು. ಆದರೆ ಅದರ ಮೂಲ ಬಹಳ ಹಿಂದಿನದೆಂದು ಜರ್ಮನಿಯ ಇತಿಹಾಸಕಾರ ಮೈಕೇಲ್ ಕ್ನೋಲ್ ತೋರಿಸಿಕೊಟ್ಟಿದ್ದಾರೆ. 16ನೆಯ ಶತಮಾನದ ಕೊನೆಯಲ್ಲಿ ರೋಮಿನ ಕಲಾ ಅಕಾಡೆಮಿಯು ವಾಸ್ತುವಿದ್ಯೆಯ ವಿದ್ಯಾರ್ಥಿಗಳಿಗೆ ಏರ್ಪಡಿಸುತ್ತಿದ್ದ ಸ್ಪರ್ಧೆಗಳಲ್ಲಿಯೂ, 1671ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ರಾಜಕೀಯ ವಾಸ್ತುಶಿಲ್ಪ ಅಕಾಡೆಮಿಯ ಶಿಕ್ಷಣಕ್ರಮದಲ್ಲಿಯೂ ಅವರು ಅದರ ಬೇರನ್ನು ಗುರುತಿಸಿದ್ದಾರೆ. ಅಲ್ಲಿಂದ ಅದು ಎಂಜಿನಿಯರಿಂಗ್ ಶಾಲೆಗಳಿಗೆ ಬಂದಿತು. ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರುವಾಗ ಏನು ಉಳಿಯಿತು, ಏನು ಕಳೆಯಿತು ಎಂಬುದೇ ನಮಗಿಲ್ಲಿ ಪ್ರಸ್ತುತ.

3

ಇದಕ್ಕೆ ಒಳ್ಳೆಯ ನಿದರ್ಶನ 1876ರದು. ಆ ವರ್ಷ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಸ್ವಾತಂತ್ರ್ಯದ ಶತಮಾನೋತ್ಸವದ ಪ್ರದರ್ಶನ ನಡೆಯಿತು. ಮಾಸ್ಕೋದ ಸಾಮ್ರಾಜ್ಯ ತಾಂತ್ರಿಕ ಶಾಲೆಯವರು ತಮ್ಮ ಕರ್ಮಶಾಲೆಯ ಶಿಕ್ಷಣಕ್ರಮವನ್ನು ಅಲ್ಲಿ ಪ್ರದರ್ಶಿಸಿದರು. ಆ ಶಾಲೆಯ ನಿರ್ದೇಶಕ ವಿಕ್ಟರ್ ಡೆಲ್ಲಾ-ವೋಸ್ ಬಡಗಿಯ ಕೆಲಸ, ಕಮ್ಮಾರಿಕೆ, ಚರಕಿಯ ಕೆಲಸ ಮೊದಲಾದವನ್ನು ಬಿಡಿಬಿಡಿಯಾದ ಕ್ರಿಯೆಗಳಾಗಿ ವಿಂಗಡಿಸಿ, ಸುಲಭದಿಂದ ಕಠಿನಕ್ಕೆ ಏರುವ ಪಾಠಗಳ ಸರಣಿಯನ್ನು ರಚಿಸಿದ್ದರು. ಒಂದೊಂದು ಪಾಠಕ್ಕೂ ಒಂದೊಂದು ಮಾದರಿ ತುಂಡು. ಈ ತುಂಡುಗಳ ಸಾಲು ನೋಡುವವರ ಕಣ್ಣಿಗೆ ಹಬ್ಬವಾಗಿತ್ತು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧ್ಯಕ್ಷರಾಗಿದ್ದ ಜಾನ್ ರಂಕಲ್ ಅದನ್ನು ಕಂಡು, ತಾವು ಬಹುಕಾಲದಿಂದ ಹುಡುಕುತ್ತಿದ್ದ ಉತ್ತರ ಇದೇ ಎಂದು ನಿಶ್ಚಯಿಸಿದರು. ಆ ವರ್ಷವೇ ತಮ್ಮ ಸಂಸ್ಥೆಯಲ್ಲಿ ಅಂಥ ಅಭ್ಯಾಸಶಾಲೆಗಳ ಸ್ಥಾಪನೆಗೆ ಕಾರಣರಾದರು.

ಇಲ್ಲಿ ಗಮನಿಸಬೇಕಾದುದೊಂದಿದೆ. ಮಾಸ್ಕೋದಲ್ಲಿ ಅಭ್ಯಾಸಶಾಲೆಯ ಬೆನ್ನಿಗೆ ನಿಜವಾದ ಯಂತ್ರಗಳನ್ನು ಕಟ್ಟುವ ನಿರ್ಮಾಣಶಾಲೆಯೊಂದಿತ್ತು. ತುಂಡುಗಳ ಮೇಲೆ ಕೈಪಳಗಿಸಿಕೊಂಡ ವಿದ್ಯಾರ್ಥಿ ಅನಂತರ ಅಲ್ಲಿಗೆ ಹೋಗಬೇಕು. ಅಭ್ಯಾಸಶಾಲೆ ಆ ನಿರ್ಮಾಣಶಾಲೆಗೆ ಹೊಸ್ತಿಲಾಗಿತ್ತು. ಪ್ರದರ್ಶನಕ್ಕೆ ಬಂದದ್ದು ಹೊಸ್ತಿಲು. ಮನೆ ಮಾಸ್ಕೋದಲ್ಲಿಯೇ ಉಳಿಯಿತು. ರಂಕಲ್ ಇದನ್ನು ಅರಿಯದವರಲ್ಲ. ಬೋಧನೆಯನ್ನು ನಿರ್ಮಾಣದಿಂದ ಬೇರ್ಪಡಿಸಿದುದೇ ಆ ಪದ್ಧತಿಯ ಗುಣವೆಂದು ಅವರು ಬಗೆದರು. ಆದರೂ ಪರಿಣಾಮವೇನೋ ಅದೇ. ಸಾಲಾಗಿ ಜೋಡಿಸಿ ತೋರಿಸಲು ಬರುವಂಥದು ಸಮುದ್ರವನ್ನು ದಾಟಿತು. ತೋರಿಸಲು ಬಾರದುದು ದಾಟಲಿಲ್ಲ.

ಇದೇ ಕಾಲದಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ವಿನ್ ವುಡ್‌ವರ್ಡ್ ಎಂಬ ಗಣಿತದ ಅಧ್ಯಾಪಕರಿದ್ದರು. ಯಂತ್ರಶಾಸ್ತ್ರದ ತತ್ತ್ವಗಳನ್ನು ತಿಳಿಯಪಡಿಸಲು ಮರದ ಮಾದರಿಗಳನ್ನು ಮಾಡಿತನ್ನಿರೆಂದು ಅವರು ವಿದ್ಯಾರ್ಥಿಗಳಿಗೆ ಹೇಳಿದರು. ವಿದ್ಯಾರ್ಥಿಗಳಿಗೆ ಸಾಮಾನ್ಯ ಉಪಕರಣಗಳನ್ನು ಹಿಡಿಯುವುದೇ ತಿಳಿಯದೆಂಬುದು ಆಗ ಗೊತ್ತಾಯಿತು. ಈ ವೈಫಲ್ಯದಿಂದಲೇ ಅವರ ಕಾರ್ಯ ಆರಂಭವಾಯಿತು. 1879ರಲ್ಲಿ ಅವರು ಸ್ಥಾಪಿಸಿದ ಕೈಗೆಲಸದ ಶಾಲೆಯಲ್ಲಿ ರಷ್ಯದ ಕ್ರಮದ ಅಭ್ಯಾಸಗಳಿದ್ದವು. ಆದರೆ ಅಭ್ಯಾಸ ಮುಗಿದ ಮೇಲೆ ವಿದ್ಯಾರ್ಥಿಯು ತಾನೇ ಒಂದು ವಸ್ತುವನ್ನು ಯೋಜಿಸಿ ನಿರ್ಮಿಸಬೇಕೆಂಬ ನಿಯಮವೂ ಇತ್ತು. ಪ್ರದರ್ಶನದಲ್ಲಿ ಕಾಣದೆ ಹೋದ ಅರ್ಧವನ್ನು ವುಡ್‌ವರ್ಡ್ ತಮ್ಮ ತರಗತಿಯ ಕಹಿ ಅನುಭವದಿಂದ ಮತ್ತೆ ಪಡೆದುಕೊಂಡರೆಂದು ನಾವು ಹೇಳಬಹುದು.

4

ಇನ್ನು ನಮ್ಮ ಕಾಲದ ಉದಾಹರಣೆಯನ್ನು ನೋಡೋಣ. ಯೋಜನಾ ಪದ್ಧತಿಯ ಮಾತು ಬಂದಲ್ಲೆಲ್ಲ ಆಲ್ಬೋರ್ಗ್ ವಿಶ್ವವಿದ್ಯಾಲಯದ ಹೆಸರು ಬರುತ್ತದೆ. 1974ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯ ಮೊದಲ ದಿನದಿಂದಲೂ ತನ್ನ ಶಿಕ್ಷಣವನ್ನು ತಂಡಗಳ ಯೋಜನಾಕಾರ್ಯದ ಮೇಲೆ ನಿಲ್ಲಿಸಿದೆ. ಪ್ರತಿ ಅರ್ಧವರ್ಷದಲ್ಲಿ ವಿದ್ಯಾರ್ಥಿಯ ಕಾಲದ ಸುಮಾರು ಅರ್ಧಭಾಗ ಯೋಜನೆಗೆ ಮೀಸಲು. ಉಳಿದ ಅರ್ಧದಲ್ಲಿ ಉಪನ್ಯಾಸ ಮತ್ತು ಪಾಠಕ್ರಮಗಳು. ತಂಡಕ್ಕೆ ಕುಳಿತು ಕೆಲಸಮಾಡಲು ಸ್ಥಳವುಂಟು, ಮಾರ್ಗದರ್ಶಕ ಅಧ್ಯಾಪಕರುಂಟು.

ಈ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಬೋಧಪ್ರದವಾದ ಒಂದು ಪ್ರಸಂಗವಿದೆ. ತಂಡವಾಗಿ ದುಡಿದವರನ್ನು ತಂಡವಾಗಿಯೇ ಪರೀಕ್ಷಿಸುವುದು ಅಲ್ಲಿನ ಸಂಪ್ರದಾಯ. ಎಲ್ಲರೂ ಒಟ್ಟಿಗೆ ಪರೀಕ್ಷಕರ ಮುಂದೆ ಕುಳಿತು ಚರ್ಚಿಸುವರು. ಅಂಕ ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ. 2006ರಲ್ಲಿ ಡೆನ್ಮಾರ್ಕಿನ ಸರಕಾರ ತಂಡದ ಪರೀಕ್ಷೆಯನ್ನು ನಿಷೇಧಿಸಿತು. ಒಬ್ಬನ ಯೋಗ್ಯತೆಯನ್ನು ಇನ್ನೊಬ್ಬನ ಮರೆಯಲ್ಲಿ ಅಳೆಯುವುದು ಅನ್ಯಾಯವೆಂಬುದು ನಿಷೇಧದ ಹಿಂದಿದ್ದ ವಾದ. ಒಟ್ಟಿಗೆ ಮಾಡಿದುದನ್ನು ಒಬ್ಬೊಬ್ಬರಾಗಿ ಒಪ್ಪಿಸುವಾಗ ಒಟ್ಟಿಗೆ ಮಾಡುವ ಸಾಮರ್ಥ್ಯವೇ ಪರೀಕ್ಷೆಯಿಂದ ತಪ್ಪಿಹೋಗುವುದೆಂಬುದು ಅದಕ್ಕೆ ಪ್ರತಿವಾದ. 2012ರಲ್ಲಿ ನಿಷೇಧ ತೆರವಾಯಿತು. ಈ ವಾದದಲ್ಲಿ ಯಾರು ಸರಿ ಎಂಬುದು ಹಾಗಿರಲಿ. ಪದ್ಧತಿಯ ಮರ್ಮಸ್ಥಾನ ಪರೀಕ್ಷೆಯಲ್ಲಿದೆ ಎಂಬುದು ಇದರಿಂದ ಬೆಳಕಿಗೆ ಬಂದಿತು. ಆದರೆ ಸಂದರ್ಶಕರು ಆಲ್ಬೋರ್ಗಿನಿಂದ ಸುಲಭವಾಗಿ ಕೊಂಡೊಯ್ಯಬಹುದಾದುದು ತಂಡದ ಕಲ್ಪನೆಯೊಂದನ್ನೇ. ಅರ್ಧ ಕಾಲವನ್ನು ಬಿಟ್ಟುಕೊಟ್ಟ ಪಠ್ಯಕ್ರಮವನ್ನಾಗಲಿ, ಪರೀಕ್ಷೆಯ ಸಂಪ್ರದಾಯವನ್ನಾಗಲಿ ಪೆಟ್ಟಿಗೆಯಲ್ಲಿಟ್ಟು ತರುವಂತಿಲ್ಲ. ಎಲ್ಲ ವಿಷಯಗಳನ್ನೂ ಎಲ್ಲ ಪರೀಕ್ಷೆಗಳನ್ನೂ ಇದ್ದಂತೆಯೇ ಉಳಿಸಿಕೊಂಡು, ಅವುಗಳ ಮೇಲೆ ಯೋಜನೆಯನ್ನು ಹೇರಿದರೆ, ಅದು ವಿದ್ಯಾರ್ಥಿಗೆ ಒಂಬತ್ತರ ಜೊತೆಗೆ ಹತ್ತನೆಯ ಹೊರೆಯಾಗುವುದೇ ವಿನಾ ಪದ್ಧತಿಯಾಗುವುದಿಲ್ಲ.

5

ಸಮ್ಮೇಳನದ ಪ್ರಬಂಧವೂ ಒಂದು ಬಗೆಯ ಪ್ರದರ್ಶನವೇ. ತೋರಿಸಲು ಬರುವುದನ್ನು ಮಾತ್ರ ತೋರಿಸುವ ಗುಣ ಅದಕ್ಕೂ ಅಂಟಿಕೊಂಡಿದೆ. ಇದನ್ನು ಸ್ಪಷ್ಟಪಡಿಸಲು ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ.

ಮಲೆನಾಡಿನ ಒಂದು ಕಾಲೇಜಿನಲ್ಲಿ ಆರು ಮಂದಿ ವಿದ್ಯಾರ್ಥಿಗಳು ಅಡಿಕೆ ಸುಲಿಯುವ ಯಂತ್ರವೊಂದನ್ನು ರಚಿಸಲು ಹೊರಟಿದ್ದಾರೆಂದು ಭಾವಿಸಿ. ಎರಡು ಉರುಳೆಗಳ ನಡುವಿನ ಸಂದಿನಲ್ಲಿ ಕಾಯಿ ಹಾಯ್ದು ಸಿಪ್ಪೆ ಬಿಡಬೇಕು. ಆರಿಸಿ ತಂದ ಒಂದೇ ಗಾತ್ರದ ಕಾಯಿಗಳ ಮೇಲೆ ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ತೋಟದ ಮನೆಗೆ ಒಯ್ದು ಮೂಟೆಯಿಂದ ಸುರಿದಾಗ, ಸಣ್ಣ ಕಾಯಿ ಸುಲಿಯದೆ ಜಾರುತ್ತದೆ. ದೊಡ್ಡದು ತಿರುಳಿನೊಂದಿಗೆ ಒಡೆಯುತ್ತದೆ. ಅಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಹೆಂಗಸು, ತನ್ನ ಕೈ ಪ್ರತಿಯೊಂದು ಕಾಯಿಗೂ ಬೇರೆ ಬೇರೆ ಬಿಗಿಯನ್ನು ಕೊಡುತ್ತದೆಯೆಂದು ತೋರಿಸುತ್ತಾಳೆ. ತಮ್ಮ ಸಮಸ್ಯೆ ಸುಲಿಯುವುದಲ್ಲ, ಗಾತ್ರವನ್ನು ಅರಿಯುವುದು ಎಂದು ವಿದ್ಯಾರ್ಥಿಗಳಿಗೆ ಆಗ ಹೊಳೆಯುತ್ತದೆ. ವರ್ಷ ಮುಗಿಯುತ್ತದೆ, ಯಂತ್ರ ಪೂರ್ಣವಾಗಿರುವುದಿಲ್ಲ.

ಈ ಆರು ಮಂದಿ ಎಂಜಿನಿಯರಿಂಗ್ ಎಂದರೇನೆಂಬುದನ್ನು ಕಲಿತರೆ? ನಿಸ್ಸಂದೇಹವಾಗಿ ಕಲಿತರು. ಅದನ್ನು ಕಲಿತದ್ದು ಮೂಟೆಯನ್ನು ಸುರಿದ ಆ ಮಧ್ಯಾಹ್ನ. ಆದರೆ ಇದೇ ಕಾರ್ಯವನ್ನು ಕುರಿತು ಅವರ ಅಧ್ಯಾಪಕರು ಸಮ್ಮೇಳನಕ್ಕೆ ಪ್ರಬಂಧ ಬರೆದರೆ, ಆ ಮಧ್ಯಾಹ್ನ ಅದರಲ್ಲಿ ಇರುವ ಸಂಭವ ಬಹಳ ಕಡಮೆ. ಆರಿಸಿದ ಕಾಯಿಗಳ ಮೇಲೆ ಯಂತ್ರ ನಡೆದುದರ ಚಿತ್ರವಿರುತ್ತದೆ. ತಂಡದ ಕೆಲಸ, ಸಂವಹನ, ಯೋಜನಾ ನಿರ್ವಹಣೆ ಎಂಬ ಕೋಷ್ಟಕವಿರುತ್ತದೆ. ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಯೊಂದನ್ನು ಹಂಚಿ, ಬಹುಮಂದಿಗೆ ಈ ಕ್ರಮ ತೃಪ್ತಿಕರವಾಗಿ ತೋರಿತೆಂಬ ಶೇಕಡಾ ಲೆಕ್ಕವಿರುತ್ತದೆ. ತೃಪ್ತಿ ಬೇರೆ, ಕಲಿಕೆ ಬೇರೆ. ಮೇಲಿನ ಉದಾಹರಣೆಯಲ್ಲಿ ಅತ್ಯಂತ ಹೆಚ್ಚು ಕಲಿತ ದಿನ ವಿದ್ಯಾರ್ಥಿಗಳು ಅತ್ಯಂತ ಅತೃಪ್ತರಾಗಿದ್ದರು. ಪ್ರಶ್ನಾವಳಿಗೆ ಈ ಸೂಕ್ಷ್ಮ ಎಟುಕುವುದಿಲ್ಲ.

ಈ ಕ್ಷೇತ್ರದ ದೊಡ್ಡ ಸಮೀಕ್ಷೆಗಳು ಇಷ್ಟು ಏಕಮುಖವಾಗಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಆಸ್ಟ್ರೇಲಿಯದ ಮಿಲ್ಸ್ ಮತ್ತು ಟ್ರೆಗಸ್ಟ್ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಯೋಜನಾ ಪದ್ಧತಿಯಿಂದ ಉತ್ಸಾಹವೂ ಕೂಡಿ ದುಡಿಯುವ ಶಕ್ತಿಯೂ ಹೆಚ್ಚುವುದನ್ನು ಒಪ್ಪಿಯೂ, ಮೂಲಶಾಸ್ತ್ರಗಳ ಹಿಡಿತ ಸಡಿಲವಾಗಬಹುದೆಂಬ ಶಂಕೆಯನ್ನು ಮುಚ್ಚಿಡಲಿಲ್ಲ. ಮೊದಲ ವರ್ಷಗಳಲ್ಲಿ ಸಾಂಪ್ರದಾಯಿಕ ಬೋಧನೆ, ಮುಂದೆ ಹೋದಂತೆ ಯೋಜನೆಯ ಪಾಲು ಅಧಿಕ ಎಂಬ ಮಿಶ್ರಕ್ರಮವನ್ನು ಅವರು ಸೂಚಿಸಿದರು. 2006ರಲ್ಲಿ ಪ್ರಿನ್ಸ್ ಮತ್ತು ಫೆಲ್ಡರ್ ಬರೆದ ಸಮೀಕ್ಷೆಯೂ ಗುಣದೋಷಗಳೆರಡನ್ನೂ ತೂಗಿದೆ. ಆದರೆ ಸಮೀಕ್ಷೆಗೆ ಆಧಾರ ಬಿಡಿ ಪ್ರಬಂಧಗಳು. ಕಾಳಿನಲ್ಲಿ ಇಲ್ಲದುದು ಹಿಟ್ಟಿನಲ್ಲಿ ಎಲ್ಲಿಂದ ಬರಬೇಕು?

6

ಇದಕ್ಕೆ ಅಧ್ಯಾಪಕರ ಅಪ್ರಾಮಾಣಿಕತೆ ಕಾರಣವೆಂದು ನಾವು ಹೇಳುತ್ತಿಲ್ಲ. ಕಾರಣಗಳು ವ್ಯವಸ್ಥೆಯಲ್ಲಿವೆ. ಪ್ರಬಂಧವನ್ನು ಓದಲು ಕೊಡುವ ಕಾಲ ಹತ್ತೋ ಹದಿನೈದೋ ನಿಮಿಷ. ಬಡ್ತಿಗೆ ಪ್ರಕಟಣೆಗಳ ಲೆಕ್ಕ ಬೇಕು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಪಡೆಯಿತು. ಅದರ ಬೆನ್ನಲ್ಲಿ ಮಾನ್ಯತೆಯನ್ನು ಬಯಸುವ ಕಾಲೇಜುಗಳು ವಿದ್ಯಾರ್ಥಿಗಳ ಸಾಮರ್ಥ್ಯಗಳಿಗೆ ದಾಖಲೆ ಒದಗಿಸಬೇಕಾಗಿದೆ. ಇದು ಒಳ್ಳೆಯ ಗುರಿಯೇ. ಆದರೆ ದಾಖಲೆಯನ್ನು ಕೇಳುವಲ್ಲಿ ವೈಫಲ್ಯವನ್ನು ಒಪ್ಪಿಕೊಳ್ಳುವ ಧೈರ್ಯ ಯಾರಿಗೆ ಬಂದೀತು? ತಪ್ಪನ್ನು ಬರೆದವನ ಕಾಲೇಜಿಗೆ ಕುಂದು, ಬರೆಯದವನ ಕಾಲೇಜಿಗೆ ಕೀರ್ತಿ ಎಂದಾದರೆ ಬರೆಯದಿರುವುದೇ ವಿವೇಕವೆನಿಸುವುದು ಸಹಜ.

ಈ ಮೌನದ ಬೆಲೆಯನ್ನು ತೆರುವವರು ವಿದ್ಯಾರ್ಥಿಗಳು. ಸಫಲವಾದುದಕ್ಕೆ ಮಾತ್ರ ಬೆಲೆಯೆಂದು ಅಧ್ಯಾಪಕರ ನಡವಳಿಕೆಯಿಂದ ಅವರು ಬೇಗನೆ ಅರಿಯುತ್ತಾರೆ. ನಮ್ಮ ನಗರಗಳಲ್ಲಿ ಸಿದ್ಧವಾದ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳು ಇರುವುದು ಯಾವ ಅಧ್ಯಾಪಕರಿಗೂ ತಿಳಿಯದ ಸಂಗತಿಯಲ್ಲ. ಕೊಂಡು ತಂದ ಯಂತ್ರ ನಡೆಯುತ್ತದೆ; ಕಟ್ಟಿದ ಯಂತ್ರ ನಿಲ್ಲುತ್ತದೆ. ನಡೆಯುವುದಕ್ಕೇ ಅಂಕವೆಂದಾದರೆ ಕೊಳ್ಳುವವನನ್ನು ಮೂರ್ಖನೆನ್ನಲಾಗದು. ಅವನ ಅಪರಾಧವನ್ನು ಖಂಡಿಸುವ ನಾವು, ನಮ್ಮ ಪ್ರಬಂಧಗಳಲ್ಲಿ ಅದೇ ನೀತಿಯನ್ನು ಆಚರಿಸುತ್ತಿಲ್ಲವೇ ಎಂದು ಕೇಳಿಕೊಳ್ಳಬೇಕಾಗಿದೆ.

ಭಾಷೆಯ ಪ್ರಶ್ನೆಯೊಂದೂ ಇದರಲ್ಲಿ ಸೇರಿದೆ. ಕರ್ನಾಟಕದ ಕಾಲೇಜುಗಳಲ್ಲಿ ತಂಡದೊಳಗಿನ ಜಗಳ, ಸಲಹೆ, ತರ್ಕಗಳು ಬಹುಮಟ್ಟಿಗೆ ಕನ್ನಡದಲ್ಲಿಯೇ ನಡೆಯುತ್ತವೆ. ಬಡಗಿ, ಬೆಸುಗೆಯವ, ರೈತರೊಡನೆ ಆಡುವ ಮಾತಂತೂ ಕನ್ನಡವೇ. ವರದಿಯೂ ಪ್ರಬಂಧವೂ ಇಂಗ್ಲಿಷಿನಲ್ಲಿ. ಈ ಭಾಷಾಂತರದಲ್ಲಿ ಮೊದಲು ಉದುರಿಹೋಗುವುದು ಮೆಟ್ಟುಗತ್ತಿಯ ಮುಂದೆ ಕುಳಿತವಳ ಮಾತು. ಇಂಗ್ಲಿಷನ್ನು ಬಿಡಬೇಕೆಂದು ನಾವು ವಾದಿಸುವುದಿಲ್ಲ. ಆದರೆ ತಂಡದ ದಿನಚರಿಯನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದಿಟ್ಟರೆ, ವರದಿಗೆ ಸಲ್ಲದ ಸತ್ಯಗಳು ಅದರಲ್ಲಾದರೂ ಉಳಿದಾವು.

7

ವಿಮರ್ಶಕರು ದೋಷವನ್ನು ತೋರಿಸಿ ಸುಮ್ಮನಾಗುತ್ತಾರೆಂಬ ಆಕ್ಷೇಪಣೆಗೆ ಎಡೆಗೊಡದೆ, ಯೋಜನಾ ಪದ್ಧತಿಯನ್ನು ಕುರಿತ ಪ್ರಬಂಧ ಉತ್ತರಿಸಲೇಬೇಕಾದ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಸೂಚಿಸುತ್ತೇವೆ. ಮೊದಲನೆಯದು, ಯೋಜನೆಗೆ ಕಾಲವನ್ನು ಒದಗಿಸಲು ಪಠ್ಯದಲ್ಲಿ ಏನನ್ನು ಬಿಡಲಾಯಿತು? ಏನನ್ನೂ ಬಿಡದಿದ್ದರೆ ಆ ಕಾಲ ಎಲ್ಲಿಂದ ಬಂದಿತು? ಎರಡನೆಯದು, ಒಬ್ಬ ಅಧ್ಯಾಪಕರು ಎಷ್ಟು ತಂಡಗಳನ್ನು ನೋಡಿಕೊಂಡರು, ವಾರಕ್ಕೆ ಎಷ್ಟು ಗಂಟೆ? ಮೂರನೆಯದು, ತಂಡದ ಕೆಲಸದಲ್ಲಿ ಒಬ್ಬೊಬ್ಬರ ಪಾಲನ್ನು ಅಳೆದ ಬಗೆ ಹೇಗೆ, ಅದರಿಂದ ಅಸಮಾಧಾನ ಹುಟ್ಟಿತೇ? ನಾಲ್ಕನೆಯದೂ ಮುಖ್ಯವಾದುದೂ ಇದು: ಎಲ್ಲಿ ಕೆಟ್ಟಿತು, ಕೆಟ್ಟುದರಿಂದ ಯಾರು ಏನನ್ನು ಕಲಿತರು?

ಈ ನಾಲ್ಕಕ್ಕೆ ಉತ್ತರವಿರುವ ಪ್ರಬಂಧವನ್ನು ಓದಿದ ಇನ್ನೊಂದು ಕಾಲೇಜಿನವರು ತಮ್ಮಲ್ಲಿ ಅದು ಸಾಧ್ಯವೇ ಎಂದು ನಿರ್ಣಯಿಸಬಲ್ಲರು. ಇಲ್ಲದಿದ್ದರೆ ಅವರು ಮೆಚ್ಚಬಲ್ಲರು, ಅಷ್ಟೇ. ಸಮ್ಮೇಳನವನ್ನು ಏರ್ಪಡಿಸುವವರು ಕೈಗೂಡದ ಯೋಜನೆಗಳಿಗೆಂದೇ ಒಂದು ಗೋಷ್ಠಿಯನ್ನು ತೆಗೆದಿಡುವುದು ಕಷ್ಟವಾಗಲಾರದು.

ವೈಫಲ್ಯವೇ ಗುಣವೆಂದು ಇದರ ಅರ್ಥವಲ್ಲ. ಅಜಾಗರೂಕತೆಯಿಂದ ಕೆಟ್ಟ ಕೆಲಸ ಕೆಟ್ಟ ಕೆಲಸವೇ. ಅದರ ವರ್ಣನೆ ಯಾರಿಗೂ ಬೇಡ. ಶ್ರದ್ಧೆಯಿಂದ ಮಾಡಿದುದು ತನ್ನ ಮಿತಿಯನ್ನು ತಾನೇ ತೋರಿಸಿಕೊಟ್ಟಾಗ ಮಾತ್ರ ಆ ವೈಫಲ್ಯಕ್ಕೆ ಬೆಲೆ. ವುಡ್‌ವರ್ಡ್ ತಮ್ಮ ವಿದ್ಯಾರ್ಥಿಗಳ ಅರೆಬರೆ ಮಾದರಿಗಳನ್ನು ಬಚ್ಚಿಟ್ಟಿದ್ದರೆ ಅವರ ಶಾಲೆ ಹುಟ್ಟುತ್ತಿರಲಿಲ್ಲ. ವಿದ್ಯಾರ್ಥಿಗೆ ತಪ್ಪುವ ಸ್ವಾತಂತ್ರ್ಯವನ್ನು ಕೊಡಬಯಸುವ ಅಧ್ಯಾಪಕರು ತಾವೂ ಅದನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬೇಕು. ನಮ್ಮ ಸಹೋದ್ಯೋಗಿಗಳು ಮುಂದಿನ ಸಮ್ಮೇಳನಕ್ಕೆ ಬರೆಯುವ ಪ್ರಬಂಧದಲ್ಲಿ ಒಂದು ಪುಟವನ್ನಾದರೂ ಮೂಟೆಯನ್ನು ಸುರಿದ ಮಧ್ಯಾಹ್ನಕ್ಕೆ ಮೀಸಲಿಡಬೇಕೆಂಬುದೇ ನಮ್ಮ ವಿನಂತಿ.